ಆಲ್ಬಿನ್ ವೇಗಾ 27: ಹಾಯಿ ಆಮೇಲೆ ನೋಡಿ, ಮೊದಲು ಬಾಗಿಲು ನೋಡಿ

ಹಳೆಯ ವೇಗಾ ಹಾಯಿದೋಣಿ ಕೊಳ್ಳಲು ಹೋದವರು ಎಂಜಿನ್ ಸದ್ದು ಕೇಳುವ ಮೊದಲು ಕ್ಯಾಬಿನ್ನಿಗೆ ಇಳಿದು, ಶೌಚಾಲಯದ ಕಡೆಗಿರುವ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಬೇಕು. ಬಾಗಿಲಿನ ಮೇಲಂಚು ಚೌಕಟ್ಟಿಗೆ ಉಜ್ಜುತ್ತಿದೆಯೇ? ಯಾರಾದರೂ ಅದನ್ನು ಆಗಲೇ ಕೀಸಿ ತೆಳ್ಳಗೆ ಮಾಡಿದ್ದಾರೆಯೇ? ಹಾಗಿದ್ದರೆ ಬಾಗಿಲ ಮೇಲಿರುವ, ಮಾಸ್ಟಿನ (ಹಾಯಿ ಕಟ್ಟುವ ಕಂಬದ) ಕೆಳಗಿನ ತೊಲೆ ಬಗ್ಗಿದೆ ಎಂದೇ ಶಂಕಿಸಿ. ಈ ದೋಣಿಯ ಬಗ್ಗೆ ಹೇಳಬೇಕಾದ ದೊಡ್ಡ ದೂರು ಇದೊಂದೇ.

ಪೆರ್ ಬ್ರೋಹೆಲ್ ವಿನ್ಯಾಸದ ಈ ಸ್ವೀಡಿಷ್ ಫೈಬರ್‌ಗ್ಲಾಸ್ ದೋಣಿಯ ತಯಾರಿಕೆ ನಿಂತದ್ದು 1979ರಲ್ಲಿ. ಅಂದರೆ ಈಗ ಮಾರಾಟಕ್ಕೆ ಸಿಗುವ ಪ್ರತಿಯೊಂದಕ್ಕೂ ನಲವತ್ತೈದು ದಾಟಿದೆ. ಮಾಸ್ಟ್ ಕೀಲಿನವರೆಗೆ (ದೋಣಿಯ ತಳದ ಭಾರದ ಬೆನ್ನೆಲುಬಿನವರೆಗೆ) ಇಳಿಯುವುದಿಲ್ಲ, ಡೆಕ್ಕಿನ (ಕ್ಯಾಬಿನ್ನಿನ ಮೇಲ್ಛಾವಣಿಯ) ಮೇಲೆಯೇ ನಿಂತಿದೆ. ಡೆಕ್ಕಿನ ಕೆಳಗೆ ಅಡ್ಡಲಾಗಿ ಕೂತ ಮರದ ತೊಲೆಯೇ ಅದಕ್ಕೆ ಆಧಾರ. ತೊಲೆಯ ಮೇಲೆ ಬೀಳುವುದು ಮಾಸ್ಟಿನ ತೂಕವಷ್ಟೇ ಅಲ್ಲ. ಮಾಸ್ಟನ್ನು ಎಳೆದು ಹಿಡಿಯುವ ಎರಡೂ ಬದಿಯ ತಂತಿಗಳನ್ನು ಬಿಗಿದಷ್ಟೂ ಅವು ಮಾಸ್ಟನ್ನು ಕೆಳಕ್ಕೆ ಒತ್ತುತ್ತವೆ, ಆ ಒತ್ತಡ ಮಾಸ್ಟಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜೊತೆಗೆ ಮಾಸ್ಟ್ ಬುಡದಲ್ಲಿ ವಿದ್ಯುತ್ ವೈರು ಹೋಗುವ ತೂತಿನಿಂದ ಮಳೆನೀರು ಜಿನುಗಿ ಮರಕ್ಕೆ ಇಳಿದರಂತೂ ತೊಲೆ ಒಳಗಿನಿಂದಲೇ ಮೆತ್ತಗಾಗುತ್ತದೆ.

ಮಳೆ ನಿಂತ ಮೇಲೆ ಮಾಸ್ಟ್ ಬುಡದ ಸುತ್ತ ನೀರು ನಿಲ್ಲುವುದು ಇನ್ನೊಂದು ಸುಳಿವು. ಬಿಗಿದ ತಂತಿ ಕೆಲವೇ ದಿನಗಳಲ್ಲಿ ಮತ್ತೆ ಸಡಿಲವಾಗುವುದು ಮೂರನೆಯದು. ಇಲ್ಲಿ ಬಹಳ ಮಂದಿ ತಪ್ಪು ದಾರಿ ಹಿಡಿಯುತ್ತಾರೆ: ಸಡಿಲವಾಯಿತೆಂದು ಇನ್ನಷ್ಟು ತಿರುಗಿಸಿ ಬಿಗಿಯುತ್ತಾರೆ, ತೊಲೆ ಇನ್ನಷ್ಟು ಕುಸಿಯುತ್ತದೆ. ಖಚಿತವಾಗಿ ತಿಳಿಯಬೇಕಾದರೆ ತೊಲೆಯ ಅಡಿಯಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಎಳೆದು ಹಿಡಿಯಿರಿ, ಬಗ್ಗಿದ್ದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ.

ರಿಪೇರಿ ಮನೆಯಲ್ಲೇ ಮಾಡಬಹುದಾದ್ದು, ಆದರೆ ಅವಸರ ಕೂಡದು. ಮಾಸ್ಟ್ ಇಳಿಸಿ. ತೊಲೆಯ ನಡುಭಾಗದ ಕೆಳಗೆ ಗಟ್ಟಿ ಹಲಗೆ ಇಟ್ಟು, ಅದಕ್ಕೊಂದು ಕಂಬ, ಕಂಬದ ಕೆಳಗೆ ಕಾರಿನ ಬಾಟಲ್ ಜಾಕ್. ದಿನಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಎತ್ತಿ. ಒಂದೇ ಸಲಕ್ಕೆ ಎತ್ತಿದರೆ ಡೆಕ್ಕಿನ ಮೇಲ್ಪದರ ಬಿರುಕು ಬಿಡುತ್ತದೆ. ಸಮಕ್ಕೆ ಬಂದ ಮೇಲೆ ಹಳೆಯ ತೊಲೆಗೆ ಒತ್ತಿಕೊಂಡಂತೆ ಓಕ್ ಮರದ ಹೊಸ ತೊಲೆಯನ್ನೋ ದಪ್ಪ ಸ್ಟೇನ್‌ಲೆಸ್ ಪಟ್ಟಿಯನ್ನೋ ಎಪಾಕ್ಸಿ ಅಂಟು ಹಚ್ಚಿ, ಆರಪಾರ ಬೋಲ್ಟ್ ಹಾಕಿ ಕೂರಿಸಿ. ಎರಡೂ ತುದಿಗೆ ನೆಟ್ಟಗೆ ಊರುಗಂಬ ಬೇಕೇ ಬೇಕು. ತುದಿ ಬರೀ ಪ್ಲೈವುಡ್ ಗೋಡೆಗೆ ಆತುಕೊಂಡಿದ್ದರೆ ಭಾರವೆಲ್ಲ ಸ್ಕ್ರೂಗಳ ಮೇಲೆ ಬೀಳುತ್ತದೆ, ಕೆಲವು ವರ್ಷದಲ್ಲಿ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಡೆಕ್ಕಿನ ತೂತುಗಳನ್ನು ಅಗಲ ಮಾಡಿ, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಕೊರೆಯಿರಿ. ಆಗ ನೀರು ಜಿನುಗಿದರೂ ಮರ ಮುಟ್ಟುವುದಿಲ್ಲ.

ಮಾಸ್ಟ್ ಮತ್ತೆ ನಿಲ್ಲಿಸಿದ ಮೇಲೆ ತಂತಿ ಎಷ್ಟು ಬಿಗಿಯಬೇಕು? ಹದವಾದ ಗಾಳಿಯಲ್ಲಿ ದೋಣಿ ಸುಮಾರು 20 ಡಿಗ್ರಿ ವಾಲಿದಾಗ, ಗಾಳಿಯ ಆಚೆ ಬದಿಯ, ಅಂದರೆ ದೋಣಿ ವಾಲಿದ ಬದಿಯ ತಂತಿ ಸ್ವಲ್ಪ ಸಡಿಲವಾಗಿ ಕಾಣಬೇಕು. ಅಷ್ಟು ಸಾಕು. ರೇಸಿನವರ ಬಿಗಿ ಈ ದೋಣಿಗೆ ಬೇಡ.

ಕಿಟಕಿಗಳೂ ಸೋರುತ್ತವೆ. ಹೊರಗಿನಿಂದ ಸಿಲಿಕೋನ್ ಬಳಿಯುವುದು ವ್ಯರ್ಥ, ಮುಂದೆ ಏನನ್ನೂ ಅಂಟಲು ಬಿಡುವುದಿಲ್ಲ. ಚೌಕಟ್ಟು ಕಳಚಿ, ಅಸಿಟೋನಿನಲ್ಲಿ ಒರೆಸಿ, ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಇಟ್ಟು, ಸ್ಕ್ರೂಗಳನ್ನು ಎರಡು ಮೂರು ದಿನ ಕಾಲುಸುತ್ತು ಕಾಲುಸುತ್ತಾಗಿ ಬಿಗಿಯಿರಿ.

ಇಷ್ಟೆಲ್ಲ ದೂರು ಓದಿ ಬೇಡವೆನಿಸಿದರೆ, ಒಂದು ಬೆಳಗ್ಗೆ ಇದರಲ್ಲಿ ಕಳೆದು ನೋಡಿ. ಕಾಫಿಗೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ನೆಲದ ಹಲಗೆ ಎತ್ತಿ ತಳದ ನೀರು ನೋಡುವುದು ಇಲ್ಲಿಯ ದಿನಚರಿ. ಬೆರಳದ್ದಿ ನಾಲಗೆಗೆ ಇಟ್ಟರೆ ಅರ್ಧ ರೋಗ ಪತ್ತೆ: ಉಪ್ಪಾಗಿದ್ದರೆ ಪ್ರೊಪೆಲರ್ ಶಾಫ್ಟಿನ ಸೀಲ್ ಅಥವಾ ತಳದ ಕವಾಟ, ಸಿಹಿಯಾಗಿದ್ದರೆ ಕಿಟಕಿ ಅಥವಾ ಮಾಸ್ಟ್ ಬುಡ. ಸ್ಪಂಜಿನಲ್ಲಿ ಹೀರಿ, ಬಟ್ಟಲಿಗೆ ಹಿಂಡಿ ಅಳೆಯಿರಿ. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬುದು ಯಾವ ಮೀಟರಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.

ಹಳೆಯ ಕಾಂಬಿ ಘಟಕ (ಅಲಗು ಹೊರಳುವ ಪ್ರೊಪೆಲರಿನ ವ್ಯವಸ್ಥೆ) ಉಳಿದಿರುವ ದೋಣಿಯಾದರೆ ಇನ್ನೊಂದು ಅಭ್ಯಾಸ ಬೇಕು. ಅದರಲ್ಲಿ ಶಾಫ್ಟ್ ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಮುಂದೆ, ಹಿಂದೆ ಹೋಗಲು ಪ್ರೊಪೆಲರಿನ ಅಲಗುಗಳೇ ಹೊರಳುತ್ತವೆ. ಸ್ಟಾರ್ಟ್ ಮಾಡುವ ಮೊದಲು ಅಲಗು ಹೊರಳಿಸುವ ಪಿಚ್ ಹಿಡಿಕೆ ನಡುವೆ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಇಲ್ಲವಾದರೆ ಎಂಜಿನ್ ಹೊತ್ತಿದ ತಕ್ಷಣ ದೋಣಿ ಹೊರಟೇಬಿಡುತ್ತದೆ. ಬಿಡಿಭಾಗ ಹುಡುಕುವುದು ಕಷ್ಟ. ಮಾಲೀಕರ ಸಂಘಗಳೇ ಆಸರೆ.

ನೀರಿನ ಮೇಲೆ ಮಾತ್ರ ಇದರ ನಡತೆ ಮನಸ್ಸು ಗೆಲ್ಲುತ್ತದೆ. ಸುಮಾರು 2,300 ಕಿಲೋ ತೂಕದಲ್ಲಿ 915 ಕಿಲೋ ಕೀಲಿನ ಭಾರವೇ. ಗಾಳಿ ಬಂದಾಗ ಮೊದಲು ಬೇಗ ವಾಲುತ್ತದೆ, ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಅಲ್ಲಿಂದಾಚೆ ಬಿಗಿಯಾಗಿ ನಿಂತುಬಿಡುತ್ತದೆ. ಉದ್ದನೆಯ ಕೀಲ್ ಇರುವುದರಿಂದ ದಿಕ್ಕು ಹಿಡಿದು ಹೋಗುತ್ತದೆ, ಚುಕ್ಕಾಣಿ ಬಿಟ್ಟು ನಕ್ಷೆ ಮಡಚುವಷ್ಟು ಬಿಡುವು ಸಿಗುತ್ತದೆ. ಅದೇ ಕೀಲಿನಿಂದಾಗಿ ಬಂದರಿನಲ್ಲಿ ಹಿಮ್ಮುಖ ಹೋಗುವುದು ಮಾತ್ರ ಪ್ರಯಾಸ. ಅಮೆರಿಕದ ಮ್ಯಾಟ್ ರುದರ್‌ಫೋರ್ಡ್ 2011-12ರಲ್ಲಿ ಇಂಥದ್ದೇ ದೋಣಿಯಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ, ಕೆನಡಾದ ಉತ್ತರದ ಹಿಮಸಮುದ್ರದಲ್ಲಿ ಹಾಯುವ ವಾಯವ್ಯ ಮಾರ್ಗದ ಮೂಲಕ ಎರಡೂ ಅಮೆರಿಕ ಖಂಡಗಳನ್ನು 309 ದಿನಗಳಲ್ಲಿ ಸುತ್ತಿ ಬಂದರು.

ಆರಡಿ ಎತ್ತರದವರು ಕ್ಯಾಬಿನ್ನಿನಲ್ಲಿ ತಲೆ ತಗ್ಗಿಸಿಯೇ ಇರಬೇಕು. ನಾಲ್ಕು ಮಲಗುವ ಜಾಗ ಎಂದು ಬರೆದಿರುತ್ತಾರೆ, ವಾರಗಟ್ಟಲೆ ಹೋಗುವುದಾದರೆ ಇಬ್ಬರಿಗೆ ಸರಿ. ಕೈಯಲ್ಲಿ ಹಣ ಕಡಿಮೆ ಇದ್ದು, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲದ ಇಬ್ಬರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ತೊಲೆ ಬಗ್ಗಿದ್ದರೆ ಮಾಸ್ಟ್ ಇಳಿಸಿ ಏರಿಸುವ ಕ್ರೇನಿನ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ, ಅಷ್ಟನ್ನು ಮಾರುವವರ ಬೆಲೆಯಿಂದ ಇಳಿಸಿ ಕೇಳಿ.