ಇಪ್ಪತ್ತು ನಿಮಿಷದ ವಿಮಾನ ಅಂತ ನಂಬಿ ಮುಕ್ತಿನಾಥಕ್ಕೆ ಹೊರಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮುಕ್ತಿನಾಥ ಯಾತ್ರೆಗೆ ಹೊರಟವರು ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನಾನು, ಅಮ್ಮ, ದೊಡ್ಡಮ್ಮ ಮೂವರೂ ಪಟ್ಟ ಪಾಡು ಇದು.

ನೇಪಾಳದ ಪೋಖರಾದಿಂದ ಜೋಮ್ಸೋಮ್‌ಗೆ ಸಣ್ಣ ವಿಮಾನ ಇದೆ. ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ. ಎರಡು ನಿಲ್ದಾಣಗಳ ನಡುವೆ ನೇರ ದೂರ 70 ಕಿ.ಮೀ. ಆಸುಪಾಸು. ನಮ್ಮೂರಿಂದ ದುರ್ಗ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಹಾರಾಟ 20 ನಿಮಿಷ. "ಹರಿಹರಕ್ಕೆ ಹೋಗಿ ಬಂದಂಗೆ ಸರ್" ಅಂದರು ಟ್ರಾವೆಲ್ಸ್‌ನವರು. ಮೊಬೈಲ್‌ನಲ್ಲಿ ನೋಡಿದರೂ ಅಷ್ಟೇ ಇತ್ತು. ಹಾಗಾಗಿ ವಾಪಸ್ ಬರುವ ದಿನ ಬೆಳಿಗ್ಗೆ ಏಳಕ್ಕೆ ಜೋಮ್ಸೋಮ್ ಬಿಟ್ಟು, ಪೋಖರಾ, ಕಠ್ಮಂಡು, ದೆಹಲಿ ದಾಟಿ ಅದೇ ರಾತ್ರಿ ಬೆಂಗಳೂರು ಅಂತ ಟಿಕೆಟ್ ಮಾಡಿಸಿದರು. ಎಲ್ಲವೂ ಬೇರೆ ಬೇರೆ ಟಿಕೆಟ್. ನಾನೂ ತಲೆ ಆಡಿಸಿದೆ, ತಪ್ಪು ನಂದೂ ಇದೆ.

ದರ್ಶನ ಚೆನ್ನಾಗೇ ಆಯಿತು. ಆ ಚಳಿಯಲ್ಲೂ ದೊಡ್ಡಮ್ಮ ದೇವಸ್ಥಾನದ 108 ನೀರಿನ ಧಾರೆಗೂ ತಲೆ ಒಡ್ಡಿದರು.

ವಾಪಸ್ ಹೊರಡುವ ದಿನ ಆರು ಗಂಟೆಗೇ ನಿಲ್ದಾಣದಲ್ಲಿದ್ದೆವು. ಜೋಮ್ಸೋಮ್‌ನಲ್ಲಿ ಒಂದು ಚೂರೂ ಮೋಡ ಇಲ್ಲ. ಆದರೆ ವಿಮಾನ ಬರಬೇಕಾದ್ದು ಪೋಖರಾದಿಂದ, ಅಲ್ಲಿ ಮಂಜು. ಇದು ಹತ್ತೊಂಬತ್ತು ಸೀಟಿನ ವಿಮಾನ, ಪೈಲಟ್ ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರಾಟ. ಒಂದು ಕಡೆ ಅನ್ನಪೂರ್ಣ, ಇನ್ನೊಂದು ಕಡೆ ಧೌಲಗಿರಿ, ಎರಡೂ 8,000 ಮೀಟರ್ ಮೀರಿದವು. ನಡುವೆ ಕಾಲಿ ಗಂಡಕಿಯ ಕಣಿವೆಯಲ್ಲೇ ತೂರಿಕೊಂಡು ಬರಬೇಕು. ಬಿಸಿಲೇರಿ ಮೇಲಿನ ಟಿಬೆಟ್ ಕಡೆಯ ನೆಲ ಕಾದರೆ ಕೆಳಗಿನ ಗಾಳಿ ಆ ಇಕ್ಕಟ್ಟಿನಲ್ಲೇ ನುಗ್ಗುತ್ತದೆ. ಹತ್ತು ಹನ್ನೊಂದರ ಮೇಲೆ ನಿಂತವರನ್ನೇ ತಳ್ಳುವಷ್ಟು ಗಾಳಿ. ಅಲ್ಲಿಗೆ ಆ ದಿನದ ಕಥೆ ಮುಗೀತು. ಮಂಜು ಕರಗುವಷ್ಟರಲ್ಲಿ ಗಾಳಿ ಎದ್ದಿರುತ್ತದೆ!

ನಾನು ಕೌಂಟರ್‌ನಲ್ಲಿ ಕೂಗಾಡಿದೆ. ಪಕ್ಕದ ಚಹಾ ಅಂಗಡಿಯವರು ಸುಮ್ನೆ ಒಂದು ಮಾತು ಹೇಳಿದರು. 2022ರ ಮೇ ತಿಂಗಳಲ್ಲಿ ಇದೇ ದಾರಿಯಲ್ಲಿ ಬರುತ್ತಿದ್ದ ವಿಮಾನ ಬೆಟ್ಟಕ್ಕೆ ಬಡಿದು 22 ಜನರೂ ಹೋದರು ಅಂತ. ಆಮೇಲೆ ನನ್ನ ಬಾಯಿ ಬಂದ್.

ಮರುದಿನವೂ ಅದೇ ಕಥೆ. ಕೊನೆಗೆ ಜೀಪು. ರಸ್ತೆಯಲ್ಲಿ ದೂರ 150 ಕಿ.ಮೀ. ಮೇಲಿದೆ, ನಮಗೆ ಹಿಡಿದದ್ದು ಹನ್ನೊಂದು ಗಂಟೆ. ಅಮ್ಮನ ಸೊಂಟ ಇನ್ನೂ ಸರಿಯಾಗಿಲ್ಲ. ರದ್ದಾದ ವಿಮಾನದ ದುಡ್ಡು ವಾಪಸ್ ಬಂತು. ಮುಂದಿನ ಮೂರು ಹಾರಾಟದ್ದು ಬರಲಿಲ್ಲ. ಬೇರೆ ಟಿಕೆಟ್ ಅಲ್ವಾ, ನೀವೇ ಬರಲಿಲ್ಲ ಅಂತ ಲೆಕ್ಕ.

ಹೋಗಲೇಬೇಕಾದರೆ ಜೋಮ್ಸೋಮ್‌ಗೂ ಕಠ್ಮಂಡುವಿನಿಂದ ಊರಿಗೆ ಬರುವ ವಿಮಾನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ಕಠ್ಮಂಡುವಿನಿಂದ ಬೆಂಗಳೂರಿಗೆ ಒಂದೇ ಟಿಕೆಟ್ ಕೇಳಿ. ಜೀಪಿನ ದುಡ್ಡು ಯಾರು ಕೊಡಬೇಕು ಅನ್ನೋದನ್ನ ಮೊದಲೇ ಬರೆಸಿಕೊಳ್ಳಿ. ವಯಸ್ಸಾದವರ ಮಾತ್ರೆ ಕೈಚೀಲದಲ್ಲೇ, ನಾಲ್ಕು ದಿನಕ್ಕೆ ಜಾಸ್ತಿ ಇರಲಿ.

ಊರಿಗೆ ಬಂದು ಟ್ರಾವೆಲ್ಸ್‌ನವರನ್ನು ಕೇಳಿದೆ. "ಹವಾಮಾನಕ್ಕೆ ನಾವೇನ್ ಮಾಡೋದು ಸರ್" ಅಂದರು. ಮೇಜಿನ ಮೇಲೆ ಮುಂದಿನ ತಂಡದ ಪಟ್ಟಿ ಇತ್ತು. ಕೊನೆಯ ಸಾಲು: ಬೆಳಿಗ್ಗೆ ಜೋಮ್ಸೋಮ್, ರಾತ್ರಿ ಬೆಂಗಳೂರು.