ಕಾಲರ್ ಮೈಕಿಗೆ ಗಾಳಿ ತಡೆ: ಸ್ಪಂಜೋ, ಫರ್ರೋ, ಅಂಗಿಯೊಳಗೋ?

ಆಷಾಢದಲ್ಲಿ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಬಳಿ ಕೆಆರ್‌ಎಸ್ ಹಿನ್ನೀರಿನ ದಂಡೆಗೆ ಹೋದರೆ, ಪ್ರಿ-ವೆಡ್ಡಿಂಗ್ ಶೂಟಿಗೆ ಬಂದವರ ದುಪಟ್ಟಾ ಪೂರ್ವದ ಕಡೆಗೆ ಪಟಪಟ ಹಾರುತ್ತಿರುತ್ತದೆ. ಅವರಿಗೆ ಅದು ಚೆಂದ, ಮೇಲೊಂದು ಹಾಡು ಹಾಕಿದರೆ ಮುಗಿಯಿತು. ಮಾತು ರೆಕಾರ್ಡ್ ಮಾಡುವವರಿಗೆ ಅದೇ ಗಾಳಿ ಗುಡುಗು.

ಹೋಲಿಸಿದ್ದು ನಾಲ್ಕು ದಾರಿ: ಮೈಕಿನ ಜೊತೆಗೇ ಬರುವ ಸ್ಪಂಜು, ಹೊರಗಿನಿಂದ ಹಾಕುವ ಫರ್ ಟೋಪಿ, ಅಂಗಿಯೊಳಗೆ ಅಂಟಿಸುವುದು, ಮನೆಯಲ್ಲೇ ಮಾಡಿಕೊಳ್ಳುವ ಉಪಾಯಗಳು. ಮೈಕ್ ಎಲ್ಲ ಕಡೆಯೂ ಒಂದೇ, ಬೋಯಾ ಬಿವೈ-ಎಂ1. ಗದ್ದದಿಂದ ಒಂದು ಗೇಣು ಕೆಳಗೆ, ಮಾತಿನ ಏರು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡಿಬಿ ಆಸುಪಾಸಿಗೆ ಬರುವಂತೆ ಗೇನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕೆನ್ನುವ ಅಳತೆ). ಹಿನ್ನೀರಲ್ಲದೆ ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿ ಮತ್ತು ಮಂಡ್ಯದ ಕಬ್ಬಿನ ಗದ್ದೆಗಳಲ್ಲೂ ಹಾಕಿ ನೋಡಿದ್ದಾಯಿತು.

ಮೊದಲು ಒಂದು ಮಾತು. ರೆಕಾರ್ಡಿಂಗಿನಲ್ಲಿ ಕೇಳುವ ಗುಡುಗುಡು ದೂರದಿಂದ ಬಂದ ಸದ್ದಲ್ಲ. ಗಾಳಿ ಮೈಕಿನ ಮೂತಿಗೆ ಬಡಿದು ಸುಳಿಯಾಗುತ್ತದೆ, ಆ ಒತ್ತಡ ಒಳಗಿನ ಪೊರೆಯನ್ನು ನೇರವಾಗಿ ಅಲುಗಾಡಿಸುತ್ತದೆ. ಹಾಗಾಗಿ ಬೇಕಾದ್ದು ಸದ್ದಿಗೆ ಗೋಡೆಯಲ್ಲ, ಮೂತಿಯ ಸುತ್ತ ಒಂದಿಷ್ಟು ಅಲುಗದ ಗಾಳಿ. ಆ ಪದರ ದಪ್ಪವಾದಷ್ಟೂ ಒಳ್ಳೆಯದು.

ಸ್ಪಂಜು ಸೋಲುವುದು ಇಲ್ಲಿಯೇ. ಅದರ ಗೋಡೆ ಎರಡು-ಮೂರು ಮಿಲಿಮೀಟರ್ ಇದ್ದರೆ ಹೆಚ್ಚು. ಮೂಗಿನ ಉಸಿರು, ‘ಪ’ ‘ಬ’ಗಳ ಹೊಡೆತ, ಫ್ಯಾನ್ ಗಾಳಿ, ಇಷ್ಟಕ್ಕೆ ಸಾಕು. ಮರದೆಲೆ ಅಲ್ಲಾಡುವ ಗಾಳಿಗೇ ಗುಡುಗುಡು ಶುರು. ಸಾಲದ್ದಕ್ಕೆ ಬೇಗ ಕಳೆದುಹೋಗುತ್ತದೆ, ಹಳೆಯದಾದರೆ ಪುಡಿ ಉದುರುತ್ತದೆ. ಬುಡಕ್ಕೊಂದು ಸುತ್ತು ದಾರ ಕಟ್ಟಿಡಿ. ಬಿಸಾಡಬೇಡಿ ಮಾತ್ರ, ಮುಂದೆ ಕೆಲಸಕ್ಕೆ ಬರುತ್ತದೆ.

ಬಯಲಲ್ಲಿ ಗೆದ್ದದ್ದು ಫರ್. ಉದ್ದ ಕೂದಲು ಗಾಳಿಯನ್ನು ಒಮ್ಮೆಗೇ ತಡೆಯದೆ ಸ್ವಲ್ಪ ಸ್ವಲ್ಪವಾಗಿ ನಿಧಾನಗೊಳಿಸುತ್ತದೆ, ಹಾಗಾಗಿ ಸುಳಿ ಏಳುವುದು ಮೂತಿಯಿಂದ ದೂರದಲ್ಲಿ. ಸ್ಪಂಜಿನ ಮೇಲೆಯೇ ಫರ್ ಹಾಕಿದರೆ ಇನ್ನೂ ವಾಸಿ, ಆದರೆ ಒಳಗೆ ಬಿಗಿಯಾಗಿ ತುರುಕಿದರೆ ಸ್ಪಂಜು ಕುಗ್ಗಿ ಲಾಭವೆಲ್ಲ ಹೋಗುತ್ತದೆ. ಸ್ವಲ್ಪ ಸಡಿಲ ಇರಲಿ, ಬುಡದಲ್ಲಿ ಮಾತ್ರ ಸಂದು ಬಿಡಬೇಡಿ. ಅಲ್ಲಿಂದ ನುಗ್ಗಿದ ಗಾಳಿ ಸಿಳ್ಳೆಯ ಹಾಗೆ ಕೇಳುತ್ತದೆ. ಮಾತಿನ ‘ಸ’, ‘ಶ’ ಸ್ವಲ್ಪ ಮಂಕಾಗುತ್ತವೆ, ಎಡಿಟಿಂಗಿನಲ್ಲಿ ಟ್ರೆಬಲ್ ತುಸು ಏರಿಸಿದರೆ ಸರಿ. ಬೆಟ್ಟದ ಮಂಜಿಗೋ ತುಂತುರಿಗೋ ನೆಂದರೆ ಕೂದಲು ಜಡೆಗಟ್ಟುತ್ತದೆ, ಆಮೇಲೆ ಗಾಳಿಯೂ ನುಗ್ಗುತ್ತದೆ, ಮಾತೂ ಮಂಕು. ಒಣಗಿಸಿ, ಹಳೇ ಟೂತ್‌ಬ್ರಷ್‌ನಿಂದ ಬಾಚಿ. ಇನ್ನುಳಿದ ತಕರಾರು ಒಂದೇ: ಎದೆಯ ಮೇಲೆ ಇಲಿಮರಿ ಕೂತಂತೆ ಕಾಣುತ್ತದೆ!

ಅದು ಕಾಣಬಾರದು ಎಂದಾದರೆ ಅಂಗಿಯೊಳಗೆ. ತೆಳು ಹತ್ತಿ ಅಂಗಿಯ ಕೆಳಗೆ ಮೈಕ್ ಬರೀ ಸ್ಪಂಜಿಗಿಂತ ಚೆನ್ನಾಗಿ ಗಾಳಿ ತಡೆಯಿತು, ಫರ್‌ನಷ್ಟಲ್ಲ. ಇಲ್ಲಿ ಹೊಸ ಕಾಟ ಬಟ್ಟೆಯ ಸರಸರ. ಅದಕ್ಕೆ ಮೆಡಿಕಲ್ ಸ್ಟೋರಿನ ಮೈಕ್ರೋಪೋರ್ ಟೇಪ್ ಸಾಕು. ಒಂದು ಇಂಚಿನ ಟೇಪನ್ನು ಅಂಟು ಹೊರಗೆ ಬರುವಂತೆ ತ್ರಿಕೋನವಾಗಿ ಮಡಿಸಿ. ಇಂಥವು ಎರಡು. ನಡುವೆ ಮೈಕ್ ಇಟ್ಟು ಮೂತಿ ಮಾತ್ರ ಹೊರಗಿಣುಕುವಂತೆ ಒತ್ತಿ. ಒಂದು ಮುಖ ಎರಡನೇ-ಮೂರನೇ ಗುಂಡಿಯ ನಡುವಿನ ಪಟ್ಟಿಗೆ, ಇನ್ನೊಂದು ಬನಿಯನ್ನಿಗೆ. ಬಟ್ಟೆ, ಮೈಕ್ ಎರಡೂ ಒಟ್ಟಿಗೇ ಅಲುಗಿದರೆ ಉಜ್ಜಾಟವೇ ಇಲ್ಲ. ಕೆಳಗೆ ವೈರನ್ನು ಒಂದು ಸಣ್ಣ ಸುತ್ತು ಸುತ್ತಿ ಟೇಪ್ ಹಾಕಿ, ಇಲ್ಲದಿದ್ದರೆ ಕೈ ಆಡಿಸಿದಾಗಲೆಲ್ಲ ವೈರಿನ ಎಳೆತ ಕೇಳುತ್ತದೆ. ಬೆವರಿಗೆ ಅಂಟು ಬಿಡುವುದರಿಂದ ಪ್ರತಿ ಸಲ ಹೊಸ ಟೇಪ್.

ಬಟ್ಟೆ ಆಗುತ್ತದೋ ಇಲ್ಲವೋ ತಿಳಿಯಲು ಬಾಯಿಗೆ ಹಿಡಿದು ಊದಿ. ಉಸಿರು ದಾಟಿದರೆ ಮಾತೂ ದಾಟುತ್ತದೆ. ಗಂಜಿ ಹಾಕಿದ ಖಾದಿ ಜುಬ್ಬ, ಪಾಲಿಯೆಸ್ಟರ್ ಇಲ್ಲಿ ಪಾಸಾಗಲಿಲ್ಲ. ರೇಷ್ಮೆ ಸೀರೆಯ ಸೆರಗಿನ ಕೆಳಗಂತೂ ಬೇಡವೇ ಬೇಡ, ಜರಿಯಂಚು ಉಜ್ಜುತ್ತದೆ. ಸೆರಗು ಎಡಹೆಗಲಿಗೆ ಹೋಗುವುದರಿಂದ ಬಲಗಡೆ ರವಿಕೆಯ ಕುತ್ತಿಗೆಯಂಚು ಖಾಲಿ ಇರುತ್ತದೆ, ಅಲ್ಲಿ ಫರ್ ಹಾಕಿ ಕ್ಲಿಪ್ ಮಾಡಿ. ತಾಳಿ ಸರ ಮೈಕಿಗೆ ತಾಗದಂತೆ ಒಳಗೆ ಸೇರಿಸಿಕೊಳ್ಳಲು ಮೊದಲೇ ಹೇಳಿ.

ಮನೆಮದ್ದುಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಮೆಡಿಕಲ್ ಹತ್ತಿ ಸುತ್ತಿದರೆ ಗಾಳಿ ಕಡಿಮೆಯಾಯಿತು, ಮಾತು ಕಂಬಳಿ ಹೊದ್ದುಕೊಂಡು ಆಡಿದಂತಾಯಿತು. ಹಳೇ ಗೊಂಬೆಯ ತುಪ್ಪಳ ಚೆನ್ನಾಗಿ ಕಂಡರೂ ಅದರ ಹಿಂಬದಿಗೆ ಅಂಟು ಬಳಿದಿರುತ್ತದೆ, ಊದಿದರೆ ಉಸಿರು ದಾಟುವುದಿಲ್ಲ. ತುರ್ತಿಗೆ ಮಂಕಿ ಕ್ಯಾಪಿನಂಥ ಸಡಿಲ ಉಣ್ಣೆ ಹೆಣಿಗೆಯ ತುಂಡನ್ನು ಸ್ಪಂಜಿನ ಮೇಲೆ ಸುತ್ತಿ, ಅಷ್ಟೇ.

ಯಾವ ಟೋಪಿ ಹಾಕಿದರೂ ಮುಖ ಎತ್ತ ಎನ್ನುವುದು ದೊಡ್ಡದು. ಮಳೆಗಾಲದಲ್ಲಿ ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ-ನೈಋತ್ಯದಿಂದ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರೆ ಬಿಸಿಲು ಮುಖಕ್ಕೆ, ಗಾಳಿ ಬೆನ್ನಿಗೆ, ಎದೆಯ ಮೈಕಿಗೆ ಮೈಯೇ ಮರೆ. ಸಂಜೆ ಹಾಗೆ ನಿಲ್ಲಿಸಿದರೆ ಸೂರ್ಯನೂ ಬೆನ್ನಿಗೆ ಬಂದು ಮುಖ ಕಪ್ಪಾಗುತ್ತದೆ, ಬೆಳಕು ಮುಖಕ್ಕೆ ತಿರುಗಿಸಲು ಮುಂದೊಂದು ಥರ್ಮೋಕೋಲ್ ಹಲಗೆ ಹಿಡಿಯಲೇಬೇಕು.

ರೆಕಾರ್ಡರಿನಲ್ಲಿ ಲೋ ಕಟ್, ಅಂದರೆ ಕೆಳಸ್ವರ ಕತ್ತರಿಸುವ ಫಿಲ್ಟರ್, 80 ಹರ್ಟ್ಜ್‌ಗೆ ಇಡಿ. 150ಕ್ಕೆ ಏರಿಸಿದರೆ ಗಂಡಸರ ದನಿ ಸೊರಗುತ್ತದೆ. ಆಟೋ ಗೇನ್ ಆಫ್ ಇರಲಿ, ಇಲ್ಲದಿದ್ದರೆ ಪ್ರತಿ ಗಾಳಿಗೂ ಮಾತು ಮುಳುಗಿ ಏಳುತ್ತದೆ. ಗಾಳಿಯ ಹೊಡೆತಕ್ಕೆ ಒಮ್ಮೆ ಸದ್ದು ಒಡೆದರೆ ಎಡಿಟಿಂಗಿನಲ್ಲಿ ಯಾವ ಫಿಲ್ಟರೂ ಕೂಡಿಸಲಾರದು. ಜಾಗದಲ್ಲೇ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ ಕೇಳಿ. ಫೋನಿನ ಸ್ಪೀಕರ್ ಕೆಳಸ್ವರ ನುಡಿಸುವುದೇ ಇಲ್ಲ, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಇನ್ನು ಕಬ್ಬಿನ ಗದ್ದೆ. ಅಲ್ಲಿ ಫರ್ ಹಾಕಿದ ಮೇಲೂ ಒಂದು ‘ಸ್ಸ್...’ ಉಳಿಯುತ್ತದೆ. ಅದು ಮೈಕಿಗೆ ಬಡಿದ ಗಾಳಿಯಲ್ಲ, ಸೋಗೆಗಳು ಒಂದಕ್ಕೊಂದು ಉಜ್ಜುವ ನಿಜವಾದ ಸದ್ದು. ಮಾತಿನ ಹಾಗೆ ಅದೂ ಫರ್ ದಾಟಿ ಬರುತ್ತದೆ. ಬೆಳೆಯಿಂದ ಬದುವಿನ ಕಡೆಗೆ ಹತ್ತು ಹೆಜ್ಜೆ ಈಚೆ ಬನ್ನಿ, ಮೈಕನ್ನು ಮೊದಲಿಗಿಂತ ನಾಲ್ಕು ಬೆರಳು ಬಾಯಿಗೆ ಹತ್ತಿರ ಮಾಡಿ ಗೇನ್ ಇಳಿಸಿ. ಹೊರಡುವ ಮುಂಚೆ ಯಾರೂ ಮಾತಾಡದೆ ಆ ಸೋಗೆ ಸದ್ದನ್ನೇ 30 ಸೆಕೆಂಡ್ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮಾತು ಕತ್ತರಿಸಿದ ಜಾಗಗಳ ಅಡಿಗೆ ಹಾಸಲು ಬೇಕಾಗುತ್ತದೆ.