ಎರಡು ವರ್ಷ ಬಳಸಿದ ಮೇಲೆ: ನಮ್ಮ ಮನೆಯ ಎಸ್ಪ್ರೆಸೊ ಗ್ರೈಂಡರ್

ಎಸ್ಪ್ರೆಸೊಗೆ, ಅಂದರೆ ಮೆಷಿನ್ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಗೆ, ಬೀಜ ಪುಡಿ ಮಾಡುವ ಈ ಗ್ರೈಂಡರ್ ಮೈಸೂರಿನ ನಮ್ಮ ಅಡುಗೆಮನೆಗೆ ಬಂದು ಎರಡು ವರ್ಷ ದಾಟಿತು. 64 ಮಿಲಿಮೀಟರಿನ ಚಪ್ಪಟೆ ಬರ್, ಅಂದರೆ ಬೀಜವನ್ನು ನಡುವೆ ಹಿಡಿದು ಅರೆಯುವ ಹಲ್ಲಿನ ಜೋಡಿ ಬಿಲ್ಲೆ. ಬೀಜ ತುಂಬಿಡುವ ಡಬ್ಬಿ ಇಲ್ಲ, ಪ್ರತಿ ಸಲ ತೂಕ ಮಾಡಿಯೇ ಹಾಕಬೇಕು. ದಿನಕ್ಕೆ ಮೂರು ನಾಲ್ಕು ಎಸ್ಪ್ರೆಸೊ ಆಗುತ್ತದೆ.

ಇದಕ್ಕೂ ಮೊದಲು ಅಂಗಡಿಯಲ್ಲೇ ಪುಡಿ ಮಾಡಿಸಿ ತರುತ್ತಿದ್ದೆ. ಎರಡು ದಿನ ಪರವಾಗಿಲ್ಲ. ನಾಲ್ಕನೇ ದಿನಕ್ಕೆ ಕಾಫಿ 12 ಸೆಕೆಂಡಿಗೇ ಸುರಿದುಹೋಗುತ್ತಿತ್ತು, ಬರೀ ಹುಳಿ. ಮೆಷಿನ್ ಬದಲಾಯಿಸಬೇಕು ಅಂತ ದುಡ್ಡು ಕೂಡಿಟ್ಟಿದ್ದೆ. ಅದನ್ನು ಗ್ರೈಂಡರಿಗೆ ಹಾಕಿದ್ದು ಒಳ್ಳೆಯದಾಯಿತು. ಮೆಷಿನ್ ಇವತ್ತಿಗೂ ಅದೇ ಹಳೆಯದು, ಕಾಫಿ ಮಾತ್ರ ಬೇರೆಯೇ ಆಗಿದೆ.

ತಂದ ದಿನವೇ ಸೊನ್ನೆ ಎಲ್ಲಿದೆ ಅಂತ ಹುಡುಕಿಕೊಳ್ಳಿ. ಬೀಜ ಹಾಕದೆ ಮೋಟಾರ್ ಆನ್ ಮಾಡಿ, ಪುಡಿಯ ಹದ ಹೊಂದಿಸುವ ಡಯಲನ್ನು ನುಣ್ಣಗಿನ ಕಡೆಗೆ ನಿಧಾನಕ್ಕೆ ತಿರುಗಿಸಿ. ಎರಡು ಬರ್ ಒಂದಕ್ಕೊಂದು ಸೋಕಿದಾಗ ಸಣ್ಣಗೆ ‘ಚಿರ್’ ಅನ್ನುತ್ತದೆ. ತಕ್ಷಣ ಹಿಂದಕ್ಕೆ ತಿರುಗಿಸಿ. ಆ ಸದ್ದು ಬಂದ ಜಾಗವೇ ಸೊನ್ನೆ. ನನ್ನದರಲ್ಲಿ ಅದು ಡಯಲಿನ 4ರ ಹತ್ತಿರ ಇತ್ತು. ಹಾಗಾಗಿ ಬೇರೆಯವರು ಹೇಳುವ ನಂಬರ್ ನಮಗೆ ಉಪಯೋಗಕ್ಕೆ ಬರುವುದಿಲ್ಲ.

ಆಮೇಲಿನ ಲೆಕ್ಕ ಸುಲಭ. 18 ಗ್ರಾಂ ಪುಡಿ, ಕಪ್ಪಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಬೇಗ ಬಂದರೆ ನುಣ್ಣಗೆ ಮಾಡಿ, ತಡವಾದರೆ ತರಿಯಾಗಿ ಮಾಡಿ. ಡಯಲ್ ಬಿಟ್ಟು ಬೇರೆ ಏನನ್ನೂ ಬದಲಾಯಿಸಬೇಡಿ. ನುಣ್ಣಗೆ ಮಾಡುವಾಗ ಮೋಟಾರ್ ತಿರುಗುತ್ತಿರಲಿ, ಇಲ್ಲದಿದ್ದರೆ ಮಧ್ಯೆ ಸಿಕ್ಕ ಬೀಜದಿಂದ ಬಿಗಿದುಕೊಳ್ಳುತ್ತದೆ. ಇನ್ನೊಂದು ಮಾತು. ಒಳಗೆ ಹಿಂದಿನ ಪುಡಿ ಸ್ವಲ್ಪ ಉಳಿದಿರುತ್ತದೆ. ಡಯಲ್ ಬದಲಾಯಿಸಿದ ಮೇಲೆ ಎರಡು ಮೂರು ಗ್ರಾಂ ಬೀಜ ಪುಡಿ ಮಾಡಿ ಚೆಲ್ಲಿಬಿಡಿ. ಇದು ಗೊತ್ತಿಲ್ಲದೆ ಮೊದಲ ವಾರವೆಲ್ಲ ಹಳೆಯ ಪುಡಿಯ ರುಚಿ ನೋಡಿ ಹೊಸ ನಂಬರ್ ತೀರ್ಮಾನಿಸುತ್ತಿದ್ದೆ.

ಒಮ್ಮೆ ಸೆಟ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಾನು ಹೆಚ್ಚಾಗಿ ತರುವುದು ಚಿಕ್ಕಮಗಳೂರಿನ ಅರೇಬಿಕಾ, ಮಧ್ಯಮ ಹುರಿದದ್ದು. ಹುರಿದ ಎರಡು ಮೂರು ದಿನಕ್ಕೇ ಮಾಡಿದರೆ ಗ್ಯಾಸ್ ಜಾಸ್ತಿ, ನೊರೆಯೇ ತುಂಬಿಕೊಳ್ಳುತ್ತದೆ. ಹತ್ತನೇ ದಿನದ ಹೊತ್ತಿಗೆ ಹದಕ್ಕೆ ಬರುತ್ತದೆ. ಮೂರನೇ ವಾರದಲ್ಲಿ ಡಯಲಿನಲ್ಲಿ ಇನ್ನೊಂದು ಗೆರೆ ನುಣ್ಣಗೆ ಬೇಕು. ಮಳೆಗಾಲದಲ್ಲಿ ಅದೇ ಬೀಜಕ್ಕೆ ಮತ್ತೆ ಬೇರೆ ಗೆರೆ. ಪ್ರತಿ ಪ್ಯಾಕೆಟ್ ಮೇಲೆ ತಾರೀಕು, ನಂಬರ್ ಎರಡೂ ಬರೆದಿಡುತ್ತೇನೆ.

ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪುಡಿ ಹಾರಿ ಕಟ್ಟೆಗೆಲ್ಲ ಅಂಟುತ್ತದೆ. ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ, ಅದರಿಂದ ಬೀಜ ಕಲಕಿ ಹಾಕಿದರೆ ನಿಲ್ಲುತ್ತದೆ. ನೀರಿನಿಂದ ಪುಡಿಯ ಸ್ಥಿರ ವಿದ್ಯುತ್ ಕಡಿಮೆಯಾಗುವುದನ್ನು 2023ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದರು. ಒಂದು ಹನಿ ಸಾಕು.

ಎಂಟನೇ ತಿಂಗಳಲ್ಲಿ ಬಿಚ್ಚಿ ಕ್ಲೀನ್ ಮಾಡಿದೆ. ಮರುದಿನದಿಂದ ಕಾಫಿ ಒಂದೇ ಪಕ್ಕಕ್ಕೆ ಚಿಮ್ಮತೊಡಗಿತು. ಹುಳಿಯೂ ಇತ್ತು, ಕಹಿಯೂ ಇತ್ತು. ಹತ್ತು ದಿನ ಬೀಜವನ್ನೇ ಬೈದೆ. ಕೊನೆಗೆ ಮತ್ತೆ ಬಿಚ್ಚಿದರೆ, ಮೇಲಿನ ಬರ್ ಕೂರುವ ಜಾಗದಲ್ಲಿ ಚಿಟಿಕೆ ಪುಡಿ ಉಳಿದು ಬರ್ ಓರೆಯಾಗಿತ್ತು. ಈಗ ಬ್ರಷ್ ಆದ ಮೇಲೆ ಒಣ ಬಟ್ಟೆಯಿಂದ ಅಂಚನ್ನೂ ಒರೆಸುತ್ತೇನೆ. ಬರ್‌ಗೆ ನೀರು ಮಾತ್ರ ತಾಕಿಸಬೇಡಿ.

ಬೇಸರ ಅಂದರೆ ಸದ್ದು. ಬೆಳಗ್ಗೆ ಐದಕ್ಕೆ ಮಗು ಮಲಗಿರುವಾಗ ಹಾಕಲು ಆಗುವುದಿಲ್ಲ, ರಾತ್ರಿಯೇ ಪುಡಿ ಮಾಡಿಡುವುದು ನನಗೆ ಇಷ್ಟವಿಲ್ಲ.

ಅಮ್ಮನ ಫಿಲ್ಟರ್ ಕಾಫಿಗೂ ಇದರಲ್ಲೇ ಮಾಡಿಕೊಡುತ್ತಿದ್ದೆ. ಅದಕ್ಕೆ ತರಿ ಜಾಸ್ತಿ ಬೇಕು. ದಿನಾ ಅತ್ತಿತ್ತ ತಿರುಗಿಸಿ ಬೀಜ ದಂಡ. ಈಗ ಅಮ್ಮನಿಗೆ ಬೇರೆ ಕೈ ಗ್ರೈಂಡರ್ ತಂದಿದ್ದೇನೆ. ಡಿಕಾಕ್ಷನ್ ಮೊದಲಿಗಿಂತ ಚೆನ್ನಾಗಿ ಇಳಿಯುತ್ತದೆ ಅನ್ನುತ್ತಾರೆ.